ಚೀಟಿ ಇಲ್ಲದೆ ಕೋವಿ ಒಯ್ದ ದಿನ

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರ, ಕಾಳುಮೆಣಸಿನ ಮೂಟೆ, ಎಲ್ಲದರ ಲೆಕ್ಕವೂ ನನ್ನದೇ. ಹಾಸನದ ಕಡೆಯವನು. ಬಂದ ಹೊಸತರಲ್ಲಿ ಒಂದು ಮಾತನ್ನು ಕಣ್ಣು ಮುಚ್ಚಿ ನಂಬಿದ್ದೆ: ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ಬೇಡ. ಎಲ್ಲರೂ ಹಾಗೇ ಹೇಳ್ತಾರೆ ಅಲ್ವಾ?

ಅದು ಆಗಸ್ಟ್ ಕೊನೆ. ಸಾಹುಕಾರ್ರ ಜೋಡಿ ನಳಿಗೆ ಕೋವಿಯ ಎಡಗಡೆ ಕುದುರೆ, ಅಂದರೆ ಗುಂಡು ಸಿಡಿಸಲು ಹಿಂದಕ್ಕೆಳೆದು ನಿಲ್ಲಿಸುವ ಸುತ್ತಿಗೆಯಂಥ ಭಾಗ, ಸರಿಯಾಗಿ ನಿಲ್ಲುತ್ತಿರಲಿಲ್ಲ. "ರೈಟ್ರೇ, ನಾಳೆ ಮಡಿಕೇರಿಗೆ ಹೋಗ್ತೀರಲ್ಲ, ಇದನ್ನೂ ರಿಪೇರಿಗೆ ಕೊಟ್ಟು ಬನ್ನಿ" ಅಂದರು. ಗೋಣಿಚೀಲದಲ್ಲಿ ಸುತ್ತಿ ಜೀಪಿನ ಹಿಂದೆ ಇಟ್ಟುಕೊಂಡು ಹೊರಟೆ. ಮಗುವಿಗೆ ಜ್ವರ ಅಂತ ಕೆಲಸದವರ ಲೈನ್ ಮನೆಯ ಒಬ್ಬ ತಾಯಿಯೂ ಜತೆಗೆ ಹತ್ತಿದರು.

ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರು.

"ಕೋವಿ ಯಾರದ್ದು?"

"ನಮ್ಮ ಸಾಹುಕಾರ್ರದ್ದು ಸಾರ್."

"ನಿಮ್ಮ ಕೈಗೆ ಹೇಗೆ ಬಂತು? ಅವರ ಚೀಟಿ ಇದೆಯಾ?"

"ಇಲ್ಲಿ ಲೈಸೆನ್ಸ್ ಬೇಡ ಅಲ್ವಾ ಸಾರ್?" ಅಂದೆ.

"ನೀವು ಕೊಡವರಾ? ಜಮ್ಮಾ ಜಾಗ ಇದೆಯಾ?"

ಜಮ್ಮಾ ಅಂದರೆ ಇಲ್ಲಿ ವಂಶಪಾರಂಪರ್ಯವಾಗಿ ಬರುವ ಹಿಡುವಳಿ. ಎರಡಕ್ಕೂ ಇಲ್ಲ ಅನ್ನಬೇಕಾಯಿತು. ಅವರು ಗೋಣಿ ಬಿಚ್ಚಿ ಕೋವಿಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಗ್ಗಿಸಿ, ತೆರೆದರು. ಬಲಗಡೆ ನಳಿಗೆಯಲ್ಲಿ ತೋಟೆಯ (ಕಾರ್ಟ್ರಿಜ್) ಹಿತ್ತಾಳೆ ತಳ ಮಿನುಗಿತು. ಸಾಹುಕಾರ್ರು ತುಂಬಿಟ್ಟು ಮರೆತಿದ್ದರು. ತೆರೆದು ನೋಡದೆ ಎತ್ತಿಕೊಂಡವನು ನಾನು. ಅಷ್ಟು ದೂರವೂ ಅದರ ಬಾಯಿ ಆ ತಾಯಿ ಮಗುವಿನ ಕಡೆಗೇ ಇತ್ತು. ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ಅವರಿಬ್ಬರನ್ನು ಬೇರೆ ಗಾಡಿಯಲ್ಲಿ ಕಳಿಸಿದರು. ಸಾಹುಕಾರ್ರು ಲೈಸೆನ್ಸ್ ಹಿಡಿದು ಬರುವಷ್ಟರಲ್ಲಿ ಸಂಜೆಯಾಗಿತ್ತು. ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಟ್ಟರು.

ಪಕ್ಕದ ತೋಟದವರು ರಿಟೈರ್ಡ್ ಸುಬೇದಾರ್, ಕೊಡವರು. ಕಾನೂನನ್ನು ಬಿಡಿಸಿ ಹೇಳಿದ್ದು ಅವರೇ. ವಿನಾಯಿತಿ ಇರುವುದು ಕೊಡಗಿನ ಮಣ್ಣಿಗಲ್ಲ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಜಮ್ಮಾದವರಲ್ಲಿ ಕೊಡವರಲ್ಲದವರೂ ಇದ್ದಾರೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದದ್ದು ಅದು. ಈಗ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮುಂದುವರಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ 2029ರ ಅಕ್ಟೋಬರ್‌ವರೆಗೆ ಇದೆ. ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಜಿಲ್ಲೆ ದಾಟಿದರೆ ಅವರಿಗೂ ಮಿತಿ ಇದೆ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ತೋಟೆ ಕೋವಿ, ಅದಕ್ಕೆ 500 ತೋಟೆ.

ನಮ್ಮ ಸಾಹುಕಾರ್ರು ಆ ಎರಡೂ ಅಲ್ಲ, ಆಮೇಲೆ ಬಂದು ತೋಟ ಕೊಂಡವರು. ಅವರ ಕೋವಿಗೆ ಲೈಸೆನ್ಸ್ ಬೇಕೇ ಬೇಕು. ಬೇಲಿಯ ಆಚೆ ಈಚೆ ಒಂದೇ ಥರದ ಕೋವಿ, ಕಾಗದ ಮಾತ್ರ ಬೇರೆ. ನನ್ನಂಥವನಿಗೂ ಕಾಯ್ದೆಯಲ್ಲೇ ಒಂದು ದಾರಿ ಇತ್ತು. ಲೈಸೆನ್ಸ್ ಇರುವವರು ಜತೆಗಿದ್ದರೆ, ಇಲ್ಲವೇ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರೆ, ರಿಪೇರಿಗೆ ಒಯ್ಯಬಹುದು. ನಾಲ್ಕು ಸಾಲಿನ ಚೀಟಿ! ದಿನಾ ಹತ್ತು ಚೀಟಿ ಬರೆಯುವ ನಾನು ಅದೊಂದನ್ನು ಬರೆಸಿಕೊಂಡಿರಲಿಲ್ಲ.

ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಸುಬೇದಾರ್ರು ಮನೆಗೆ ಕರೆದರು. ನಾಟಿ ಮುಗಿದ ಮೇಲೆ ಆಯುಧಗಳಿಗೆ ಪೂಜೆ ಮಾಡುವ ಹಬ್ಬ ಅದು. ಕೋವಿ, ಒಡಿಕತ್ತಿ, ಪೀಚೆಕತ್ತಿ ಸಾಲಾಗಿಟ್ಟು ಗಂಧ ಹಚ್ಚಿದ್ದರು. ಕೋವಿಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಅನ್ನುವ ಹೂ ಸಿಕ್ಕಿಸಿದ್ದರು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಜನ ಅವರು. ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಕೋವಿ ಬೇಕು. ಹೊರಗಿನಿಂದ ನೋಡಿದರೆ ಇದೆಲ್ಲ ಸುಮ್ನೆ ಶೋಕಿ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ.

ಪೂಜೆ ಮುಗಿದ ಮೇಲೆ ಮೊಮ್ಮಗ ಕೋವಿ ಕೇಳಿದ. ಸುಬೇದಾರ್ರು ಬಾಯನ್ನು ನೆಲಕ್ಕೆ ತಿರುಗಿಸಿದರು. ಮುರಿದು ತೆರೆದರು. ಖಾಲಿ ಇದೆ ಅಂತ ಗೊತ್ತಿದ್ದರೂ ಕಿಟಕಿಯ ಬೆಳಕಿಗೆ ಹಿಡಿದು ಎರಡೂ ನಳಿಗೆಯೊಳಗೆ ನೋಡಿದರು. ಆಮೇಲೆ, ತೆರೆದ ಹಾಗೇ ಅವನ ಕೈಗಿಟ್ಟರು. ಅವನೂ ಮತ್ತೊಮ್ಮೆ ನೋಡಿದ. "ರೈಟ್ರೇ, ಮುಚ್ಚಿದ ಕೋವಿಯನ್ನು ಕೊಡಲೂಬಾರದು, ತಗೊಳ್ಳಲೂಬಾರದು" ಅಂದರು.

ಮರುದಿನವೇ ಆಫೀಸಿನಲ್ಲಿ ಒಂದು ರಿಜಿಸ್ಟರ್ ಶುರು ಮಾಡಿದೆ. ಕೋವಿ ಯಾವಾಗ ಹೊರಗೆ ಹೋಯಿತು, ಯಾವಾಗ ಒಳಗೆ ಬಂತು, ತೋಟೆ ಎಷ್ಟು ಉಳಿಯಿತು. ಕೋವಿ ಒಂದು ಕಪಾಟಿನಲ್ಲಿ, ತೋಟೆ ಇನ್ನೊಂದರಲ್ಲಿ. ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿದ ರಸೀದಿಯೂ ಅದರಲ್ಲೇ. ಸಾಹುಕಾರ್ರು ಮೊದಲು ಗೊಣಗಿದರು, ಆಮೇಲೆ ತಾವೇ ಸಹಿ ಹಾಕತೊಡಗಿದರು.

ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ಬೆಂಗಳೂರಿನಿಂದ ಬಂದ ಮಗ "ಅಪ್ಪನ ನೆನಪು, ಮನೆಯಲ್ಲೇ ಇರಲಿ" ಅಂದರು. ದುಃಖದ ಮನೆಯಲ್ಲಿ ಕಾನೂನು ಮಾತಾಡುವುದು ಕಷ್ಟ. ಆದರೂ ಹೇಳಿದೆ: ಲೈಸೆನ್ಸ್ ಇದ್ದವರು ಹೋದ ಮೇಲೆ ಕೋವಿಯನ್ನು ತಡಮಾಡದೆ ಸ್ಟೇಷನ್ನಿಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು, ನಿಮ್ಮ ಹೆಸರಿಗೆ ಲೈಸೆನ್ಸ್ ಆದಮೇಲೆ ವಾಪಸ್ ತರಬಹುದು. ಒಪ್ಪಿದರು. ಸ್ಟೇಷನ್ನಿನವರನ್ನು ಕರೆಸಿ, ತೋಟೆ ಎಣಿಸಿ ಒಪ್ಪಿಸಿ, ರಸೀದಿ ಅಂಟಿಸಿದೆ.

ಲೈಸೆನ್ಸ್ ಬರಲು ತಿಂಗಳುಗಳೇ ಹಿಡಿದವು. ಬಂದ ದಿನ ನಾನೂ ಜತೆಗೆ ಹೋದೆ. ಕಾನ್‌ಸ್ಟೇಬಲ್ ಕೋವಿ ತಂದು ಚಾಚಿದರು. ಸಣ್ಣ ಸಾಹುಕಾರ್ರು ಅಪ್ಪನ ಕೋವಿ ಅಂತ ಎರಡೂ ಕೈ ಮುಂದೆ ಮಾಡಿದರು.

"ಒಂದು ನಿಮಿಷ ಸಾರ್, ತೆರೆದು ಕೊಡಲಿ" ಅಂದೆ.

ಕಾನ್‌ಸ್ಟೇಬಲ್ ತೆರೆದು ಬಾಗಿಲ ಬೆಳಕಿಗೆ ಹಿಡಿದರು. ಎರಡು ದುಂಡನೆಯ ಬೆಳಕು ಕಂಡಿತು. ಸಣ್ಣ ಸಾಹುಕಾರ್ರು ಬಗ್ಗಿ, ಒಂದಾದ ಮೇಲೆ ಒಂದರಂತೆ ಎರಡರಲ್ಲೂ ನೋಡಿದರು. ಆಮೇಲೆ ತಗೊಂಡರು.