ಚಗಳಿ ಗೂಡಿನ ಕೆಳಗೆ

ಮೂಡಿಗೆರೆಯಲ್ಲಿ ಬಸ್ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಡಿಸೆಂಬರ್ ಚಳಿ ಬೇರೆ. ಸ್ನೇಹಿತ ಜೀಪ್ ತಂದಿದ್ದ. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಅವರ ತೋಟ ಸೇರುವಷ್ಟರಲ್ಲಿ ಕಾಫಿ ಕುಯ್ಲಿನವರು ಆಗಲೇ ಗೋಣಿಚೀಲ ಹಿಡಿದು ಗಿಡಗಳ ನಡುವೆ ಇಳಿದಿದ್ದರು. 'ಕಾಟಿ ಫೋಟೊ ತೆಗೆಯೋಕೆ ಬಂದ್ಯೇನಪ್ಪ?' ಎಂದು ಸ್ನೇಹಿತನ ಅಮ್ಮ ಕೇಳಿದರು. ಇರುವೆ ಫೋಟೊ ತೆಗೆಯೋಕೆ ಅಂದೆ. 'ಹಾಗಾದ್ರೆ ಸರಿಯಾದ ಜಾಗಕ್ಕೇ ಬಂದಿದೀಯ' ಅಂದರು.

ಪ್ರಪಂಚದಲ್ಲಿ ಈವರೆಗೆ ಹೆಸರಿಟ್ಟಿರುವ ಇರುವೆ ಜಾತಿಗಳು 14,000ಕ್ಕೂ ಜಾಸ್ತಿ. ನಮ್ಮ ದೇಶದಲ್ಲೇ 800ಕ್ಕೂ ಹೆಚ್ಚು ಇವೆ. ನಾವು ಮಾತ್ರ ಕಪ್ಪಿರುವೆ, ಕೆಂಪಿರುವೆ, ಗೊದ್ದ, ಚಗಳಿ ಅಂತ ನಾಲ್ಕು ಹೆಸರಲ್ಲಿ ಮುಗಿಸಿಬಿಡುತ್ತೇವೆ. ನಾನೂ ಹಾಗೇ ಇದ್ದೆ. ಮ್ಯಾಕ್ರೊ ಲೆನ್ಸ್ ಕೊಂಡು, ಅಡುಗೆಮನೆಯ ಇರುವೆಯ ಮುಖವನ್ನು ಮೊದಲ ಸಲ ಪರದೆಯ ಮೇಲೆ ದೊಡ್ಡದಾಗಿ ನೋಡಿದ ದಿನ ಅದು ಬದಲಾಯಿತು.

ಮೊದಲ ದಿನವೆಲ್ಲ ಚಗಳಿಯದ್ದೇ. ತೋಟದ ಮೂಲೆಯ ಹಲಸಿನ ಮರದಲ್ಲಿ, ನನ್ನ ತಲೆಯ ಎತ್ತರಕ್ಕೇ ಒಂದು ಗೂಡು ಕಟ್ಟುತ್ತಿದ್ದವು. ಎರಡು ಎಲೆಗಳ ನಡುವೆ ಮೂರು ಬೆರಳಿನಷ್ಟು ಅಂತರ. ಒಂದು ಇರುವೆ ಈ ಎಲೆಯ ಅಂಚು ಕಚ್ಚಿ ಹಿಡಿದರೆ, ಅದರ ಸೊಂಟವನ್ನು ಇನ್ನೊಂದು, ಅದರ ಸೊಂಟವನ್ನು ಮತ್ತೊಂದು. ಹೀಗೆ ಸರಪಳಿಯಾಗಿ ನಿಂತು ಎಳೆಯುತ್ತಿದ್ದವು. ಎಲೆಗಳು ಹತ್ತಿರ ಬಂದ ಮೇಲೆ ಒಳಗಿನಿಂದ ಕೆಲವು ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದವು. ಮರಿಯ ಬಾಯಿಂದ ಸಣ್ಣ ರೇಷ್ಮೆ ಎಳೆ ಬರುತ್ತದೆ. ಅದನ್ನು ಒಂದು ಎಲೆಗೆ ಮುಟ್ಟಿಸಿ, ಆಚೆ ಎಲೆಗೆ ಮುಟ್ಟಿಸಿ, ಮತ್ತೆ ಈಚೆಗೆ. ಮಗ್ಗದಲ್ಲಿ ಲಾಳಿ ಓಡುತ್ತದಲ್ವಾ, ಥೇಟ್ ಹಾಗೇ. ಕೂಸನ್ನೇ ಲಾಳಿ ಮಾಡಿಕೊಂಡು ಮನೆ ನೇಯುವ ಜೀವ ಇದು. ಕೈ ನಡುಗಿ ಮೊದಲ ಇಪ್ಪತ್ತು ಫೋಟೊ ಕೆಟ್ಟವು.

ಇಷ್ಟು ಹತ್ತಿರದಲ್ಲಿ ಫೋಕಸ್ ಸಿಗುವುದು ಒಂದೆರಡು ಮಿಲಿಮೀಟರ್‌ ಆಳಕ್ಕೆ ಮಾತ್ರ. ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು. ಇರುವೆ ಸುಮ್ನೆ ನಿಲ್ಲುವುದಿಲ್ಲ. ಆದರೆ ಮೀಸೆ ಒರೆಸಿಕೊಳ್ಳುವಾಗ ನಿಲ್ಲುತ್ತದೆ. ಎರಡು ಎದುರಾಗಿ ಬಾಯಿಗೆ ಬಾಯಿ ಕೊಟ್ಟು ಆಹಾರ ಹಂಚಿಕೊಳ್ಳುವಾಗ ನಿಲ್ಲುತ್ತದೆ. ಕಾಫಿ ಎಲೆಯ ಅಡಿ ರಸ ಹೀರುವ ಹಸಿರು ಕೀಟಗಳ ಹತ್ತಿರ ಸಿಹಿ ಕುಡಿಯುವಾಗಂತೂ ಅಲ್ಲಾಡುವುದೇ ಇಲ್ಲ. ಅಲ್ಲಿ ಕಾಯಬೇಕು. ಉಸಿರು ಬಿಗಿಹಿಡಿದೇ ಕಾಯಬೇಕು. ನನ್ನ ಉಸಿರು ತಾಗಿದ್ದೇ ತಡ, ಇಡೀ ಗೂಡು ಎದ್ದಿತು. ಕುತ್ತಿಗೆ, ಕಿವಿ ಎಲ್ಲ ಕಡೆ ಕಚ್ಚಿದವು. ಪಕ್ಕದ ಗಿಡದಲ್ಲಿ ಹಣ್ಣು ಕೊಯ್ಯುತ್ತಿದ್ದ ಅಕ್ಕ ಓಡಿಬಂದು ಬೆನ್ನು ಕೊಡವಿದರು. 'ನಮಗೆ ದಿನಾ ಇದೇ ಅಣ್ಣ' ಅಂದರು. ಇದೇ ಚಗಳಿಯನ್ನು ಹುರಿದು, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಅರೆದರೆ ಹುಳಿಹುಳಿ ಚಟ್ನಿ. ಶೀತ, ಕೆಮ್ಮಿಗೆ ಒಳ್ಳೆಯದು ಅಂತ ಇಲ್ಲಿನವರ ನಂಬಿಕೆ.

ರಾತ್ರಿ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಒಂದು ಚಗಳಿ ಯಾಕೋ ಬೇರೆ ಥರ ಕಂಡಿತು. ಅದೇ ಕೆಂಪು ಬಣ್ಣ, ಅದೇ ಸಪೂರ ಸೊಂಟ. ಕಾಲು ಎಣಿಸಿದೆ. ಎಂಟು! ಅದು ಜೇಡ. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಮೇಲೆತ್ತಿಕೊಂಡು ಚಗಳಿ ಸಾಲಿನ ಪಕ್ಕದಲ್ಲೇ ಓಡಾಡುತ್ತಿತ್ತು. ಬರಿಗಣ್ಣಲ್ಲಿ ನೋಡುವಾಗ ನನಗೆ ಚೂರೂ ಗೊತ್ತಾಗಿರಲಿಲ್ಲ. ಸ್ನೇಹಿತನನ್ನು ಎಬ್ಬಿಸಿ ತೋರಿಸಿದೆ.

ಎರಡನೇ ದಿನ ಬೆಳಿಗ್ಗೆ ತೋಟದಂಚಿನ ಕಾಡಿಗೆ ಹೋದೆವು. ನನಗೆ ಬೇಕಿದ್ದದ್ದು ಜಿಗಿಯುವ ಇರುವೆ. ಬ್ರಿಟಿಷ್ ನಿಸರ್ಗತಜ್ಞ ಥಾಮಸ್ ಜರ್ಡನ್ 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಮಾಡಿದಾಗ ಇದನ್ನೂ ವರ್ಣಿಸಿದ್ದ. ತರಗೆಲೆ ನೋಡುತ್ತಾ ಎರಡು ಗಂಟೆ ಕೂತ ಮೇಲೆ ಒಂದು ಕಂಡಿತು. ಕಂದು ಕೆಂಪು ಮೈ, ಮುಖದ ಮುಂದೆ ಇಕ್ಕಳದಂತೆ ಚಾಚಿದ ಉದ್ದ ದವಡೆ, ತಲೆಗೆ ದೊಡ್ಡದೆನಿಸುವ ಕಪ್ಪು ಕಣ್ಣು. ಮಿಕ್ಕ ಬಹಳಷ್ಟು ಇರುವೆಗಳು ವಾಸನೆ ಹಿಡಿದು ಸಾಲಲ್ಲಿ ಹೋಗುತ್ತವೆ. ಇದು ಒಂಟಿಯಾಗಿ, ಕಣ್ಣಲ್ಲಿ ನೋಡಿ ಬೇಟೆಯಾಡುತ್ತದೆ. ಕ್ಯಾಮೆರಾ ಕಡೆ ತಲೆ ತಿರುಗಿಸಿ ನೋಡಿತು. ನಿಜವಾಗಿ ನೋಡಿತು. ಒಂದೇ ಫೋಟೊ ಸಿಕ್ಕಿತು, ಅಷ್ಟರಲ್ಲಿ ಚಂಗನೆ ನೆಗೆದು ಎಲೆಯಡಿ ಮಾಯವಾಯಿತು.

ಈ ಇರುವೆಯ ಸಂಸಾರವೂ ವಿಚಿತ್ರ. ರಾಣಿ ಸತ್ತರೆ ಕೆಲಸಗಾರ ಇರುವೆಗಳು ಮೀಸೆಯಲ್ಲಿ ಹೊಡೆದಾಡುತ್ತವೆ. ಗೆದ್ದವು ಮೊಟ್ಟೆ ಇಡಲು ಶುರುಮಾಡುತ್ತವೆ. ಆಗ ಅವುಗಳ ಮಿದುಳು ಸುಮಾರು ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ, ತಿಂಗಳುಗಳಲ್ಲಿದ್ದ ಆಯಸ್ಸು ವರ್ಷಗಳಿಗೆ ಬೆಳೆಯುತ್ತದೆ. ಮತ್ತೆ ಕೆಲಸಕ್ಕೆ ಇಳಿದರೆ ಮಿದುಳು ಮೊದಲಿನಷ್ಟಾಗುತ್ತದೆ. ಇದು 2021ರಲ್ಲಿ ಪ್ರಕಟವಾದ ಸಂಶೋಧನೆ.

ವಾಪಸ್ ಬರುವಾಗ ಅತ್ತಿಮರದಲ್ಲಿ ಫುಟ್‌ಬಾಲಿನಷ್ಟು ದೊಡ್ಡ ಕಂದು ಗೂಡು ಕಂಡಿತು. ಹಿಂಭಾಗ ಹೃದಯದ ಆಕಾರದಲ್ಲಿರುವ ಸಣ್ಣ ಇರುವೆಗಳದ್ದು. ಗಾಬರಿಯಾದರೆ ಆ ಹಿಂಭಾಗವನ್ನು ತಲೆ ಮೇಲಕ್ಕೆ ಎತ್ತಿ ಹಿಡಿಯುತ್ತವೆ. ಕೆಂದು ಬಣ್ಣದ ಮರಕುಟಿಗ ಇಂಥ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆ ಇಡುತ್ತದೆ.

ಸಂಜೆ ಕಣದಲ್ಲಿ ಹಣ್ಣು ಅಳೆಯುವಾಗ ಆ ಅಕ್ಕನಿಗೆ ಫೋಟೊ ತೋರಿಸಿದೆ. ಮರಿ ಕಚ್ಚಿಕೊಂಡು ನೇಯುತ್ತಿರುವ ಚಗಳಿಯನ್ನು ತುಂಬಾ ಹೊತ್ತು ನೋಡಿದರು. 'ಇಷ್ಟು ವರ್ಷ ಬೈಕೊಂಡು ಕೊಡವ್ತಿದ್ದೆ, ಇದನ್ನ ನೋಡೇ ಇರ್ಲಿಲ್ಲ' ಅಂದರು.

ಮರುದಿನ ನಾನು ಬ್ಯಾಗ್ ತುಂಬುತ್ತಿದ್ದಾಗ ತೋಟದಿಂದ ಅವರ ಕೂಗು. 'ಅಣ್ಣ, ಬೇಗ ಬನ್ನಿ, ಇದು ಬೇರೆ ಥರದ್ದು!' ಅವರ ಗೋಣಿಚೀಲದ ಅಂಚಿನಲ್ಲಿ ಒಂದು ಕಪ್ಪಿರುವೆ ನಿಂತಿತ್ತು. ಬೆನ್ನ ಮೇಲೆ ಮುಳ್ಳು, ಮೈತುಂಬ ಬಂಗಾರದ ನವಿರು ಕೂದಲು. ಬಿಸಿಲು ಬಿದ್ದು ಹೊಳೆಯುತ್ತಿತ್ತು. ಅಕ್ಕ ಚೀಲ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದರು. ಇರುವೆ ನಿಂತು ಮೀಸೆ ಒರೆಸಿಕೊಳ್ಳತೊಡಗಿತು. ಇಬ್ಬರೂ ಉಸಿರು ಬಿಗಿಹಿಡಿದೆವು.