ಮಳೆ ಲೆಕ್ಕದ ಸರ್ವರ್, ಮೂರನೇ ವಾರ: ಪುನರ್ವಸುವಿಗೆ ಬಾಲ ಬಂತು

ಆಲ್ದೂರು ಹತ್ತಿರದ ನಮ್ಮ ತೋಟದ ಮನೆಯಲ್ಲಿ ಒಂದು ಹಳೇ ಟವರ್ ಸರ್ವರ್ ಇದೆ. ಮೆಣಸಿನ ಚೀಲ ಒರಗಿಸಲೂ ಅದೇ ಜಾಗ. ಓಡುತ್ತಿರುವುದು ಸೆಂಟ್‌ಓಎಸ್ 6 ಅನ್ನುವ ಲಿನಕ್ಸ್ ಓಎಸ್ (ಆಪರೇಟಿಂಗ್ ಸಿಸ್ಟಂ). 2011ರಲ್ಲಿ ಬಂದದ್ದು. 2020ರ ನವೆಂಬರ್ 30ಕ್ಕೆ ಅದಕ್ಕೆ ಅಪ್‌ಡೇಟ್ ಬರುವುದು ನಿಂತಿತು. ಅದರ ಜೊತೆಗೇ ಬಂದ ಡೇಟಾಬೇಸ್, ಮೈಎಸ್‌ಕ್ಯೂಎಲ್ 5.1, ಇನ್ನೂ ಹಾಗೇ ಇತ್ತು. ಒಳಗಿರುವುದು ಎರಡೇ ವಿಷಯ: ಕೂಲಿ ಬಟವಾಡೆ, ಅಪ್ಪನ ಮಳೆ ಲೆಕ್ಕ.

ಈ ಡೇಟಾಬೇಸನ್ನು 5.7ಕ್ಕೆ ಏರಿಸಲು ಕೈ ಹಾಕಿದ್ದು ಒಂದು ಮಳೆ ಮಾಪಕದ ದೆಸೆಯಿಂದ. ಪುಟ್ಟ ಬಕೆಟ್ ತುಂಬಿ ಮಗುಚುವ ಥರದ್ದು. ಒಂದು ಸಲ ಮಗುಚಿದರೆ 0.254 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಸೆಂಟು, ಇಂಚಿನ ನೂರರಲ್ಲೊಂದು ಪಾಲು. ನಮ್ಮ ಕಡೆ ಮಳೆ ಅಂದರೆ ಇಂಚು, ಸೆಂಟು ತಾನೇ! ಅದು ಕಳಿಸುವ ಮಾಹಿತಿ ಜೇಸನ್ ಅನ್ನುವ ಪಠ್ಯ ರೂಪದಲ್ಲಿರುತ್ತದೆ. ಜೇಸನ್ ಕಾಲಂ ಮೈಎಸ್‌ಕ್ಯೂಎಲ್‌ಗೆ ಬಂದದ್ದೇ 5.7ರಲ್ಲಿ. ಇನ್ನೊಂದು ಕಾರಣವೂ ಇತ್ತು. 5.1ರಲ್ಲಿ ಬೇರೇನೂ ಹೇಳದಿದ್ದರೆ ಟೇಬಲ್ ಮೈಐಸ್ಯಾಮ್ ಅನ್ನುವ ಹಳೇ ಶೇಖರಣಾ ಬಗೆಯಲ್ಲೇ ಹುಟ್ಟುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಯಾವುದಾದರೂ ಟೇಬಲ್ ಕೆಟ್ಟು ಕೂತಿರುತ್ತಿತ್ತು. ರಿಪೇರಿ ಕಮಾಂಡ್ ಅಪ್ಪನಿಗೇ ಬಾಯಿಪಾಠ.

ಓಎಸ್ ಯಾಕೆ ಬದಲಾಯಿಸಲಿಲ್ಲ ಅಂದರೆ, ಬಟವಾಡೆ ಪ್ರೋಗ್ರಾಂ ಪಿಎಚ್‌ಪಿ ಭಾಷೆಯ 5.3ರಲ್ಲಿದೆ. ಅದು ಬಳಸುವ ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಪಿಎಚ್‌ಪಿ 7ರಲ್ಲಿ ಕಿತ್ತೇ ಹಾಕಿದ್ದಾರೆ. ಹೊಸ ಓಎಸ್ ಅಂದರೆ ಹೊಸ ಪಿಎಚ್‌ಪಿ, ಎಲ್ಲ ಹೊಸದಾಗಿ ಬರೆಯಬೇಕು. ವಾರದ ಬಟವಾಡೆ ತಪ್ಪಿದರೆ ನನ್ನ ಹವ್ಯಾಸದ ಕಥೆ ಯಾರೂ ಕೇಳುವುದಿಲ್ಲ.

ಮೊದಲ ವಾರ ಕೈಗೆ ಸಿಕ್ಕಿದ ಒಳ್ಳೆ ವಿಷಯ ಹೇಳುತ್ತೇನೆ. ಮೈಎಸ್‌ಕ್ಯೂಎಲ್ 5.7ರ ಟಾರ್ ಫೈಲ್‌ನ (ಗಂಟು ಕಟ್ಟಿದ ಫೈಲ್) ಹೆಸರಲ್ಲೇ ಜಿಲಿಬ್‌ಸಿ 2.12 ಅಂತಿರುತ್ತದೆ, ಅಂದರೆ ಅದಕ್ಕೆ ಬೇಕಾದ ಲಿನಕ್ಸ್‌ನ ಮೂಲ ಲೈಬ್ರರಿ. ಸೆಂಟ್‌ಓಎಸ್ 6ರಲ್ಲಿ ಇರುವುದೂ ಅದೇ 2.12. ಹಾಗಾಗಿ ಹಳೆಯದನ್ನು ಮುಟ್ಟದೆ, ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿ, 3307ನೇ ಪೋರ್ಟಿನಲ್ಲಿ ಪಕ್ಕಪಕ್ಕ ಓಡಿಸಬಹುದು. ಬಿಚ್ಚಿದೆ. ಲಿಬ್‌ನ್ಯೂಮಾ ಅನ್ನುವ ಲೈಬ್ರರಿ ಇಲ್ಲ ಅಂತ ನಿಂತಿತು. ಪ್ಯಾಕೇಜ್ ಇಳಿಸುವ ಯಮ್ ಕಮಾಂಡ್ ಹಾಕಿದರೆ ಅದೂ ಸತ್ತಿದೆ, ಡೌನ್‌ಲೋಡ್ ತಾಣಗಳ ಮಿರರ್ ಪಟ್ಟಿಯೇ ಇಲ್ಲ. ರೆಪೋ ಫೈಲ್‌ನಲ್ಲಿ ಮಿರರ್‌ಲಿಸ್ಟ್ ಸಾಲಿಗೆ ಕಾಮೆಂಟ್ ಹಾಕಿ, ಬೇಸ್ ಯುಆರ್‌ಎಲ್ಲನ್ನು ಹಳೇ ಆವೃತ್ತಿಗಳನ್ನು ಇಟ್ಟಿರುವ ಸೆಂಟ್‌ಓಎಸ್ ವಾಲ್ಟ್‌ನ 6.10ಕ್ಕೆ ತಿರುಗಿಸಿದೆ. ಆ ಲೈಬ್ರರಿ ಇರುವ ನ್ಯೂಮಾಸಿಟಿಎಲ್ ಪ್ಯಾಕೇಜ್ ಇಳಿಯಿತು. ಸರ್ವರ್ ಎದ್ದಿತು. ಇಷ್ಟಕ್ಕೆ ಎರಡು ಸಂಜೆ, ಮೂರು ಸಲ ಕರೆಂಟು ಕಟ್.

ಎರಡನೇ ವಾರ ಡೇಟಾ ಸಾಗಿಸುವ ಕೆಲಸ. 5.1ರಿಂದ ಡಂಪ್ (ಇಡೀ ಡೇಟಾದ ಪಠ್ಯ ಪ್ರತಿ) ತೆಗೆದು 5.7ಕ್ಕೆ ಸುರಿದೆ. ಒಂದೂ ಎರರ್ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು ನೋಡಿ. ಟೇಬಲನ್ನು ಕರೆಂಟು ಹೋದರೂ ತಾಳುವ ಇನ್ನೊಡಿಬಿ ಬಗೆಗೆ ಬದಲಾಯಿಸಲು ಹೋದರೆ ‘ತಪ್ಪು ದಿನಾಂಕ’ ಅಂತ ತಕರಾರು. ದಿನಾಂಕ ಗೊತ್ತಿಲ್ಲದ ಕಡೆ ಎಲ್ಲ ಸೊನ್ನೆ ತುಂಬಿದ್ದೆವು. 5.7 ಸೊನ್ನೆ ದಿನಾಂಕ ಒಪ್ಪುವುದಿಲ್ಲ. ಹಾಗಾದರೆ ಸುರಿಯುವಾಗ ಯಾಕೆ ಸುಮ್ನಿತ್ತು? ಡಂಪ್ ಫೈಲ್‌ನ ತಲೆಯಲ್ಲೇ ಎಸ್‌ಕ್ಯೂಎಲ್ ಮೋಡ್ ಬದಲಾಯಿಸುವ ಒಂದು ಸಾಲು ಇರುತ್ತದೆ. ಸುರಿದು ಮುಗಿಯುವ ತನಕ ಬಿಗಿ ತಪಾಸಣೆ ಆಫ್. ಬಾಗಿಲಲ್ಲಿ ಕಾವಲುಗಾರ ಕಣ್ಣು ಮುಚ್ಚಿಕೊಂಡ, ಒಳಗೆ ಬಂದಮೇಲೆ ಹಿಡಿದ.

ಅಂಥವು 41 ಸಾಲು. ಮಳೆ ಲೆಕ್ಕದ ಪುಸ್ತಕ ತೆಗೆದು ಅಪ್ಪನ ಜೊತೆ ಕೂತೆ. ಒಂದು ಪುಟದಲ್ಲಿ ನೀರು ಬಿದ್ದು ಶಾಯಿ ಹರಡಿದೆ. ಮೇಲಿನ ಸಾಲು 12, ಕೆಳಗಿನದು 14. ನಡುವಿನದು 13 ಅಲ್ವಾ? ಹೀಗೆ 33 ಸಿಕ್ಕವು. ಉಳಿದ ಎಂಟಕ್ಕೆ ನಲ್ (ಖಾಲಿ, ಗೊತ್ತಿಲ್ಲ ಅಂತ) ಹಾಕಿದೆ. ಅಪ್ಪನಿಗೆ ನಲ್ ಇಷ್ಟವಾಗಲಿಲ್ಲ, ‘ಮಳೆ ಬಂದದ್ದು ನಿಜ ತಾನೇ’ ಅಂದರು.

ಮೂರನೇ ವಾರದ್ದು ಕನ್ನಡದ ಕಥೆ. ಮಳೆ ನಕ್ಷತ್ರದ ಹೆಸರು ಕನ್ನಡದಲ್ಲೇ ಇದೆ. ಹೊಸದರಲ್ಲಿ ತೆರೆದರೆ ಪ್ರತಿ ಅಕ್ಷರದ ಜಾಗದಲ್ಲೂ ತಲೆ ಮೇಲೆ ಗೀಟಿರುವ ಇಂಗ್ಲಿಷ್ ಸಣ್ಣ ಎ, ಅದರ ಪಕ್ಕ ಪುಟ್ಟ ಎರಡು ಇಲ್ಲವೇ ಮೂರು. ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್. ಹಳೇ ಟೇಬಲ್ ತನ್ನನ್ನು ಲ್ಯಾಟಿನ್‌1 (ಅಕ್ಷರಕ್ಕೆ ಒಂದೇ ಬೈಟ್‌ನ, ಇಂಗ್ಲಿಷ್ ಥರದ ಭಾಷೆಗಳ ಸಂಕೇತ) ಅಂದುಕೊಂಡು ಆ ಬೈಟ್‌ಗಳನ್ನು ಹಾಗೇ ನುಂಗಿ, ಹಾಗೇ ವಾಪಸ್ ಕೊಡುತ್ತಿತ್ತು. ಡಂಪ್ ಮಾತ್ರ ‘ಲ್ಯಾಟಿನ್‌ನಿಂದ ಯುಟಿಎಫ್‌ಗೆ’ ಅಂತ ಇನ್ನೊಮ್ಮೆ ಅನುವಾದ ಮಾಡಿಬಿಟ್ಟಿತು. ಪರಿಹಾರ: ಕ್ಯಾರೆಕ್ಟರ್ ಸೆಟ್ ಲ್ಯಾಟಿನ್‌1 ಅಂತ ಹೇಳಿಯೇ ಡಂಪ್ ತೆಗೆಯಬೇಕು, ಸಂಕೇತ ಯಾವುದು ಅಂತ ಹೇಳುವ ಸೆಟ್ ನೇಮ್ಸ್ ಸಾಲು ಅದರಲ್ಲಿ ಬರದಂತೆ ನೋಡಬೇಕು, ಆಮೇಲೆ ಫೈಲ್‌ನಲ್ಲಿ ಟೇಬಲ್‌ಗಳ ಲ್ಯಾಟಿನ್‌1 ಅನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಮಾಡಿ ಸುರಿಯಬೇಕು.

ಕನ್ನಡ ಬಂತು. ಆದರೆ ನಾಲ್ಕು ಮಳೆ ಊನ. ಅಶ್ವಿನಿ, ಕೃತ್ತಿಕೆ, ಆರಿದ್ರಾ, ಪುನರ್ವಸು. ರೋಹಿಣಿ, ಮೃಗಶಿರ ಎಲ್ಲ ನೆಟ್ಟಗಿವೆ. ಬೆರಳಲ್ಲಿ ಎಣಿಸಿದಾಗ ಗೊತ್ತಾಯಿತು. ಆ ಕಾಲಂ ಉದ್ದ 20. ಲ್ಯಾಟಿನ್‌1 ಟೇಬಲ್‌ನಲ್ಲಿ ಅದು 20 ಬೈಟ್. ಮೃಗಶಿರ ಆರು ಚಿಹ್ನೆ, 18 ಬೈಟ್, ಹಿಡಿಯಿತು. ಪುನರ್ವಸು ಎಂಟು, 24 ಬೈಟ್. ‘ಪುನರ್ವ’ ತನಕ 18, ಮುಂದಿನ ‘ಸ’ದಿಂದ ಎರಡೇ ಬೈಟ್, ಅಲ್ಲಿಗೆ ಕತ್ತರಿ. ಆರಿದ್ರಾ ಬರೀ ಒಂದು ಬೈಟಿಗೆ ದೀರ್ಘ ಕಳೆದುಕೊಂಡಿದೆ. 5.1 ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗಿರುತ್ತದೆ, ನಮ್ಮ ಪ್ರೋಗ್ರಾಂ ಅದನ್ನು ಓದೇ ಇಲ್ಲ.

ಇಷ್ಟು ವರ್ಷ ಪರದೆ ಮೇಲೆ ಪುನರ್ವದ ಮುಂದೆ ಪ್ರಶ್ನಾರ್ಥಕ ಇರುವ ಕಪ್ಪು ಡೈಮಂಡ್ ಬರುತ್ತಿತ್ತು. ಅಪ್ಪನನ್ನು ಕೇಳಿದೆ. ‘ಅದು ಮಳೆ ಚಿಹ್ನೆ ಅಂದ್ಕೊಂಡಿದ್ದೆ’ ಅಂದರು. ನಾಲ್ಕು ಅಪ್‌ಡೇಟ್ ಕಮಾಂಡ್‌ನಲ್ಲಿ ಹೆಸರುಗಳು ತುಂಬಿದವು. ಯುಟಿಎಫ್8ಎಂಬಿ4ರಲ್ಲಿ 20 ಅಂದರೆ 20 ಚಿಹ್ನೆ, ಈಗ ಜಾಗ ಬೇಕಾದಷ್ಟಿದೆ.

ಉಳಿದದ್ದು ಚಿಲ್ಲರೆ. ಪಿಎಚ್‌ಪಿಯಲ್ಲಿ ಪೋರ್ಟ್ ಬದಲಾವಣೆ, ಒಂದು ಸೆಟ್ ನೇಮ್ಸ್ ಸಾಲು. ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಮೇಲಿನ 5.7ರ ಕಟ್ಟುನಿಟ್ಟು ತಿಂಗಳ ಮೊತ್ತದ ಪುಟವನ್ನು ಕೆಡಿಸಿತ್ತು, ಕ್ವೆರಿ ತಿದ್ದಿದೆ. ಹಳೇ 5.1 ಇನ್ನೂ ಆಫ್ ಮಾಡಿಲ್ಲ, ಎರಡು ಬಟವಾಡೆ ಕಳೆಯಲಿ. 5.7ಕ್ಕೂ 2023ರ ಅಕ್ಟೋಬರ್‌ಗೆ ಬೆಂಬಲ ಮುಗಿದಿದೆ, ಗೊತ್ತು. ಸರ್ವರ್‌ನ ಇಂಟರ್ನೆಟ್ ತಂತಿ ಮತ್ತೆ ಕಿತ್ತಿದ್ದೇನೆ, ಮನೆಯೊಳಗಿನ ನೆಟ್‌ವರ್ಕ್ ಮಾತ್ರ. ಕಾಫಿ ಕುಯ್ಲು ಮುಗಿದ ಮೇಲೆ ಹೊಸ ಓಎಸ್, ಹೊಸ ಬಟವಾಡೆ ಪ್ರೋಗ್ರಾಂ.

ಇವತ್ತು ಬೆಳಗ್ಗೆ ಹೊಸ ಮಾಪಕದ ಮೊದಲ ಲೆಕ್ಕ ಬಂತು: ಆರಿದ್ರಾ, 2 ಇಂಚು 4 ಸೆಂಟು. ಅಪ್ಪನ ಗಾಜಿನ ಅಳತೆಯಲ್ಲಿ 2 ಇಂಚು 13. ಜೋರು ಮಳೆಯಲ್ಲಿ ಬಕೆಟ್ ಮಗುಚುವ ಹೊತ್ತಿಗೆ ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಪುಸ್ತಕದಲ್ಲಿ 13 ಅಂತಲೇ ಬರೆದರು. ಡೇಟಾಬೇಸ್‌ಗೆ ಇನ್ನೊಂದು ಕಾಲಂ ಸೇರಿಸಬೇಕು.