ನೆನೆದ ಗೋಡೆ, ನುಂಗಿದ ಸಿಗ್ನಲ್

ಕೊಡಗಿನ ನಾಪೋಕ್ಲು ಕಡೆಯ ಹಳೇ ತೋಟದ ಮನೆ. ಪ್ಲಾನ್ 100 ಎಂಬಿಪಿಎಸ್‌ನದು, ಹಿಂದಿನ ಕೋಣೆಯಲ್ಲಿ ಮೊಬೈಲ್ ತೋರಿಸುವುದು ಆರೋ ಏಳೋ. "ಮಳೆ ಹಿಡಿದ ಮೇಲೆ ಹೀಗೇ ಮಾರಾಯ್ರೇ, ಕಂಪನಿಗೆ ಫೋನ್ ಮಾಡಿ ಸಾಕಾಯ್ತು" ಅಂದರು ಮನೆಯವರು.

ಮೊದಲು ವೈಫೈ ಬಿಟ್ಟು ಲೈನನ್ನಷ್ಟೇ ನೋಡಬೇಕು. ಉಳಿದ ಮೊಬೈಲ್‌ಗಳ ವೈಫೈ ಆಫ್ ಮಾಡಿಸಿ, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ಮೋಡೆಮ್‌ಗೆ ಸಿಕ್ಕಿಸಿದೆವು. 94 ಬಂತು. 100ರ ಪೋರ್ಟ್‌ನಲ್ಲಿ ಅದಕ್ಕಿಂತ ಹೆಚ್ಚು ಬರುವುದೂ ಇಲ್ಲ. ಲೈನ್ ಸರಿಯಿದೆ, ತೊಂದರೆ ಮನೆಯೊಳಗಿದೆ.

ಆದರೂ ಮೋಡೆಮ್‌ನ ಪುಟದಲ್ಲಿ ಫೈಬರ್‌ನ ಬೆಳಕಿನ ಮಟ್ಟ ನೋಡದೆ ಬಿಡಬಾರದು. ಮೈನಸ್ 26 ಡಿಬಿಎಂ ಇತ್ತು (ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ). ಮೈನಸ್ 27 ದಾಟಿದರೆ ಲೈನ್ ಕಡಿದು ಕಡಿದು ಬರತೊಡಗುತ್ತದೆ, ಆಮೇಲೆ ಕೆಂಪು ದೀಪ. ಕಾರಣ ಕಿಟಕಿಯಲ್ಲೇ ಸಿಕ್ಕಿತು: ಅದರ ಬಾಗಿಲ ಸಂದಿಯಲ್ಲಿ ಕೇಬಲ್ ಮಡಿಚಿ ಕೂತಿತ್ತು. 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ತಿರುಗಿಸಿದರೆ ಬೆಳಕು ಗಾಜಿನ ಎಳೆಯಿಂದ ಹೊರಗೆ ಸೋರುತ್ತದೆ. ಸಡಿಲಿಸಿ ದೊಡ್ಡ ಸುತ್ತು ಹಾಕಿದ ಮೇಲೆ ಮೈನಸ್ 21ಕ್ಕೆ ಬಂತು. ಹೊರಗೆ ಸಿಲ್ವರ್ ಓಕ್ ಕೊಂಬೆ ಕೇಬಲ್ ಮೇಲೆ ಒರಗಿದರೂ ಹೀಗೇ ಆಗುತ್ತದೆ. ಕನೆಕ್ಟರ್ ಬಿಚ್ಚಿದಾಗ ತುದಿಗೆ ಕಣ್ಣಿಟ್ಟು ನೋಡಲೇಬೇಡಿ, ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ಇನ್ನು ವೈಫೈ. ರೂಟರ್ ಇದ್ದದ್ದು ಜಗಲಿ ಕೋಣೆಯ ಕಬ್ಬಿಣದ ಬೀರುವಿನ ಹಿಂದೆ. ಹಿಂದಿನ ಕೋಣೆಗೆ ಎರಡು ಮಣ್ಣಿನ ಗೋಡೆ ದಾಟಬೇಕು, ಒಂದೊಂದೂ ಒಂದೂವರೆ ಅಡಿ ದಪ್ಪ. ನೀರು ರೇಡಿಯೊ ಅಲೆಯನ್ನು ಹೀರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಥಂಡಿ ಹಿಡಿದ ಗೋಡೆ ಬೇಸಿಗೆಯ ಗೋಡೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ. ಮನೆಯವರು ಮಳೆಯನ್ನು ದೂರಿದ್ದರಲ್ಲಿ ಸುಳ್ಳಿರಲಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ವೈಫೈ ಬಲ ರೂಟರ್ ಹತ್ತಿರ ಮೈನಸ್ 40 ಡಿಬಿಎಂ, ಹಿಂದಿನ ಕೋಣೆಯಲ್ಲಿ ಮೈನಸ್ 82. ವಿಡಿಯೊ ಕಾಲ್ ಸಲೀಸಾಗಿ ನಡೆಯಲು ಮೈನಸ್ 67ರ ಆಸುಪಾಸಾದರೂ ಬೇಕು.

ಚಾನೆಲ್ ಬದಲಿಸಿ ನೋಡಿ ಎಂಬ ಸಲಹೆ, ಅಕ್ಕಪಕ್ಕದ ವೈಫೈಗಳು ಒಂದೇ ಚಾನೆಲ್‌ನಲ್ಲಿ ಅಡ್ಡ ಬರುವ ಮಡಿಕೇರಿ ಪೇಟೆಯೊಳಗೆ ಸರಿ. ತೋಟದ ನಡುವೆ ಪಕ್ಕದ ಮನೆಯ ವೈಫೈ ತಲುಪುವುದೇ ಇಲ್ಲ, ಅಲ್ಲಿ ಅದರಿಂದ ಏನೂ ಸಿಗದು. ವೈಫೈ ಪಡೆದು ಮುಂದಕ್ಕೆ ಹಂಚುವ ರಿಪೀಟರ್ ಒಂದನ್ನು ಹಿಂದಿನ ಕೋಣೆಯಲ್ಲೇ ಸಿಕ್ಕಿಸಿದ್ದರು. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಬೇರೆಯವರಿಗೆ ಏನು ಹಂಚೀತು? ಒಂದೇ ಬ್ಯಾಂಡ್‌ನಲ್ಲಿ ಪಡೆದು ಕಳಿಸುವ ಅಗ್ಗದ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ ಕೂಡ.

ಇಂಥ ಮನೆಗೆ ವೈರ್ ಎಳೆಯುವುದೇ ಸರಿ. ಅಟ್ಟದ ಮೇಲಿಂದ ಕ್ಯಾಟ್ 6 ಲ್ಯಾನ್ ಕೇಬಲ್ ಹಾಯಿಸಿ, ಹಿಂದಿನ ಕೋಣೆಯಲ್ಲಿ ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಟ್ಟೆವು, ಅಂದರೆ ಅದು ವೈಫೈ ಮಾತ್ರ ಕೊಡುತ್ತದೆ, ಉಳಿದದ್ದು ಮೊದಲ ರೂಟರ್‌ನ ಕೆಲಸ. ಆ ಮೋಡ್ ಇಲ್ಲದ ರೂಟರ್ ಆದರೆ ಡಿಎಚ್‌ಸಿಪಿ (ಮೊಬೈಲ್‌ಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೊದಲ ರೂಟರ್‌ಗೆ ಡಿಕ್ಕಿಯಾಗದಂತೆ ಅದರ ಐಪಿ ವಿಳಾಸ ಬದಲಿಸಿ, ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಹಾಕಬೇಕು. ಅಂಗಡಿಯಲ್ಲಿ ಪೂರ್ತಿ ತಾಮ್ರದ ಕೇಬಲನ್ನೇ ಕೇಳಿ ತನ್ನಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಒಳಗಿನ ಎಂಟೂ ಎಳೆಯನ್ನು ಪ್ಲಗ್‌ಗೆ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ). ನಾಲ್ಕೇ ಹಾಕಿದರೆ ನಾಳೆ 300ರ ಪ್ಲಾನ್ ತೆಗೆದುಕೊಂಡರೂ 100 ದಾಟುವುದಿಲ್ಲ. ಹಿಂದಿನ ಕೋಣೆಯಲ್ಲಿ ಈಗ 5 ಗಿಗಾಹರ್ಟ್ಸ್ ವೈಫೈ ಬ್ಯಾಂಡ್‌ನಲ್ಲಿ 90ರ ಹತ್ತಿರ ಬರುತ್ತಿದೆ.

ಲೈನ್ ಮನೆಗೋ (ತೋಟದ ಕೆಲಸಗಾರರ ಸಾಲುಮನೆ) ಗೋಡೌನಿಗೋ ನೆಟ್ ಕೊಡುವುದಾದರೆ ತಾಮ್ರದ ಕೇಬಲ್ ಎಳೆಯಬೇಡಿ, ಸಿಡಿಲಿಗೆ ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಲೋಹದ ತಂತಿ ಇಲ್ಲದ ಫೈಬರ್ ಮತ್ತು ಎರಡು ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೂ ಅದನ್ನು ಬೆಳಕಿಗೂ ಬದಲಿಸುವ ಪೆಟ್ಟಿಗೆ) ಸಾಕು. ಗುಡುಗು ಶುರುವಾದರೆ ಅಡಾಪ್ಟರ್ ಒಂದನ್ನೇ ಅಲ್ಲ, ಉದ್ದದ ಲ್ಯಾನ್ ಕೇಬಲನ್ನೂ ಕಿತ್ತಿಡಿ.